ಸರೋವರಗಳ ನಡುವಿನ ಏರುದಾರಿ

ಸರೋವರ ಅಂದ ಕೂಡಲೇ ಮನಸ್ಸು ಸಮತಟ್ಟಾದ ದಾರಿಯನ್ನು ಊಹಿಸಿಕೊಳ್ಳುತ್ತದೆ. ನೀರು ಸಮವಾಗಿ ನಿಂತಿದೆ, ಅಂದ ಮೇಲೆ ದಡದ ರಸ್ತೆಯೂ ಹಾಗೇ ಇರುತ್ತದೆ ಅಲ್ವಾ? ಒಂದೇ ಸರೋವರದ ದಡದಲ್ಲಿ ಅರ್ಧ ದಿನ ಸೈಕಲ್ ತುಳಿದು ವಾಪಸ್ ಬರುವವರಿಗೆ ಇದು ಬಹುಮಟ್ಟಿಗೆ ನಿಜ. ಆದರೆ ಒಂದು ಸರೋವರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಬೇಕು ಅಂದುಕೊಂಡರೆ ಲೆಕ್ಕವೆಲ್ಲ ಬದಲಾಗುತ್ತದೆ. ಬೇರೆ ಬೇರೆ ಕಣಿವೆಗಳ ಸರೋವರಗಳ ನಡುವೆ ಒಂದು ಬೆಟ್ಟ ಇದ್ದೇ ಇರುತ್ತದೆ.

ಇಂಗ್ಲೆಂಡಿನ ವಾಯುವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹೆಗಲಚೀಲ, ಪ್ಯಾನಿಯರ್ (ಚಕ್ರದ ಪಕ್ಕ ನೇತುಹಾಕುವ ಚೀಲ) ಸಮೇತ ಸೈಕಲ್ಲಿನಲ್ಲಿ ಒಂದು ಸುತ್ತು ಹಾಕುವ ಯೋಜನೆಯಲ್ಲಿ ನಾನು ಮತ್ತು ನನ್ನ ಗೆಳೆಯ ಮುಳುಗಿದ್ದೇವೆ. ಸವಾರಿ ಇನ್ನೂ ಮುಂದಿದೆ. ಆದರೆ ನಕ್ಷೆ ಬಿಡಿಸಿಕೊಂಡು ಕೂತ ಈ ಸಂಜೆಗಳಲ್ಲಿ ನನಗೆ ಗಟ್ಟಿಯಾಗಿ ಅನಿಸಿದ ವಿಷಯವೊಂದಿದೆ. ಯೋಜನೆಯ ನಿಜವಾದ ಕೆಲಸ ದೂರವನ್ನು ದಿನಗಳಿಂದ ಭಾಗಿಸುವುದರಲ್ಲಿ ಇಲ್ಲ. ದಣಿದ ಮೈ ತಪ್ಪು ತೀರ್ಮಾನ ತೆಗೆದುಕೊಳ್ಳುವ ಜಾಗಗಳು ಎಲ್ಲೆಲ್ಲಿವೆ ಅಂತ ಹುಡುಕಬೇಕು. ಆ ತೀರ್ಮಾನಗಳನ್ನು ಮನೆಯಲ್ಲಿ ಕೂತಾಗಲೇ, ತಲೆ ತಂಪಾಗಿರುವಾಗಲೇ ತೆಗೆದುಕೊಂಡು ಬಿಡಬೇಕು.

ಮೊದಲು ನೆಲದ ಆಕಾರ ಅರ್ಥ ಮಾಡಿಕೊಳ್ಳೋಣ. ಲೇಕ್ ಡಿಸ್ಟ್ರಿಕ್ಟ್ ದೊಡ್ಡ ಪ್ರದೇಶವೇನಲ್ಲ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್ ಇರುವುದು ಇಲ್ಲೇ. ಅದರ ಎತ್ತರ ಬರೀ 978 ಮೀಟರ್. ಆ ಬೆಟ್ಟದ ಸುತ್ತಮುತ್ತಲಿನಿಂದ ಕಣಿವೆಗಳು ಎಲ್ಲ ದಿಕ್ಕಿಗೂ ಹೊರಟಿವೆ, ಸೈಕಲ್ ಚಕ್ರದ ನಡುವಿನಿಂದ ಸ್ಪೋಕ್‌ಗಳು ಹೊರಟ ಹಾಗೆ. ಇದೇ ನಾಡಿನಲ್ಲಿ ಬಾಳಿದ ಕವಿ ವರ್ಡ್ಸ್‌ವರ್ತ್ ಕೂಡ ಈ ಕಣಿವೆಗಳನ್ನು ಚಕ್ರಕ್ಕೇ ಹೋಲಿಸಿದ್ದ. ಹಿಮಯುಗದಲ್ಲಿ ಹಿಮನದಿಗಳು ಈ ಕಣಿವೆಗಳನ್ನು ಕೆತ್ತಿ ಆಳ ಮಾಡಿದವು. ಹಿಮ ಕರಗಿದ ಮೇಲೆ ಆ ಗುಂಡಿಗಳಲ್ಲಿ ನೀರು ನಿಂತಿತು. ಅದಕ್ಕೇ ಇಲ್ಲಿನ ಸರೋವರಗಳು ಉದ್ದಕ್ಕೆ, ಕಿರಿದಾಗಿ, ತುಂಬ ಆಳವಾಗಿವೆ. ವಾಸ್ಟ್‌ವಾಟರ್‌ನ ಆಳ 79 ಮೀಟರ್. ಅದರ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ.

ಸವಾರನಿಗೆ ಇದರ ಅರ್ಥ ಏನು? ಒಂದು ಸ್ಪೋಕಿನ ಉದ್ದಕ್ಕೆ ಹೋದರೆ ಆರಾಮ. ಪಕ್ಕದ ಸ್ಪೋಕಿಗೆ ದಾಟಬೇಕಾದರೆ ನಡುವಿನ ಬೆಟ್ಟದ ಬೆನ್ನು ಹತ್ತಲೇಬೇಕು. ಇಲ್ಲವೇ ಚಕ್ರದ ಅಂಚಿನವರೆಗೂ ಹೋಗಿ ಸುತ್ತು ಹಾಕಿಕೊಂಡು ಬರಬೇಕು. ಹೀಗೆ ಬೆನ್ನು ದಾಟುವ ರಸ್ತೆಗಳೇ ಕರ್ಕ್‌ಸ್ಟೋನ್, ಹಾನಿಸ್ಟರ್, ನ್ಯೂಲ್ಯಾಂಡ್ಸ್, ವಿನ್‌ಲ್ಯಾಟರ್, ಹಾರ್ಡ್‌ನಾಟ್, ರೈನೋಸ್. ಎತ್ತರ ನೋಡಿದರೆ ಇವೆಲ್ಲ ಸಣ್ಣ ಘಾಟಿಗಳು. ಕರ್ಕ್‌ಸ್ಟೋನ್ 454 ಮೀಟರ್, ಹಾನಿಸ್ಟರ್ 356, ಹಾರ್ಡ್‌ನಾಟ್ 393. ಆಲ್ಪ್ಸ್‌ನ ಸ್ಟೆಲ್ವಿಯೋ 2757 ಮೀಟರ್ ಇರುವಾಗ ಇವನ್ನು ಯಾರು ಲೆಕ್ಕಕ್ಕೆ ಇಟ್ಟಾರು ಅನಿಸಬಹುದು. ಆದರೆ ಸ್ಟೆಲ್ವಿಯೋ ರಸ್ತೆಯನ್ನು ಗಾಡಿಗಳು ಹತ್ತಬೇಕು ಅಂತ ಎಂಜಿನಿಯರುಗಳು ಯೋಚಿಸಿ, ತಿರುವಿನ ಮೇಲೆ ತಿರುವು ಹಾಕಿ, ಏರನ್ನು ಸರಾಸರಿ ನೂರಕ್ಕೆ ಏಳೆಂಟರ ಮಟ್ಟದಲ್ಲಿ ಇಟ್ಟಿದ್ದಾರೆ. ಲೇಕ್ ಡಿಸ್ಟ್ರಿಕ್ಟ್‌ನ ಹಳೆಯ ದಾರಿಗಳು ಹೊರೆ ಕುದುರೆಗಳು ನಡೆದು ಮೂಡಿದಂಥವು. ಕುದುರೆಗೆ ತಿರುವಿನ ಗೊಡವೆ ಕಡಿಮೆ, ಬೆಟ್ಟ ಕಂಡರೆ ನೇರ ಹತ್ತುತ್ತದೆ. ಹಾರ್ಡ್‌ನಾಟ್‌ನ ಕಡಿದಾದ ಭಾಗ ನೂರಕ್ಕೆ 33. ಅಂದರೆ ಮೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ.

ಇದನ್ನು ನಕ್ಷೆಯಲ್ಲೇ ಓದಬಹುದು. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳಲ್ಲಿ ರಸ್ತೆಯ ಮೇಲೆ ಸಣ್ಣ ಬಾಣದ ಗುರುತುಗಳಿರುತ್ತವೆ. ಒಂದು ಬಾಣ ಇದ್ದರೆ ಏರು ನೂರಕ್ಕೆ 14ರಿಂದ 20. ಎರಡು ಬಾಣ ಇದ್ದರೆ 20ಕ್ಕಿಂತ ಜಾಸ್ತಿ. ಬಾಣದ ಮೂತಿ ಇಳಿಜಾರಿನ ಕಡೆಗೆ ಇರುತ್ತದೆ. ಬಾಣದ ಎದುರು ಹೋಗುತ್ತಿದ್ದರೆ ನೀವು ಹತ್ತುತ್ತಿದ್ದೀರಿ ಅಂತ. ಫೋನಿನ ಆ್ಯಪ್‌ಗಳು ಒಟ್ಟು ಎಷ್ಟು ಮೀಟರ್ ಏರಿಕೆ ಅಂತ ಹೇಳುತ್ತವೆ, ಅದು ಬೇಕೇ ಬೇಕು. ಆದರೆ ಆ ಏರಿಕೆ ಹತ್ತು ಕಿಲೋಮೀಟರಿನಲ್ಲಿ ಹರಡಿದೆಯೋ, ಎರಡು ಕಿಲೋಮೀಟರಿನಲ್ಲಿ ಒಟ್ಟಾಗಿ ಬಂದಿದೆಯೋ ಅನ್ನುವುದು ಒಂದು ಮೊತ್ತದಲ್ಲಿ ಕಾಣುವುದಿಲ್ಲ. ಕಾಗದದ ನಕ್ಷೆಯ ಮೇಲೆ ಜೋಡಿ ಬಾಣಗಳನ್ನು ಎಣಿಸುತ್ತಾ ಹೋದರೆ ಸವಾರಿಯ ಗುಣ ಬೆರಳಿಗೇ ತಿಳಿಯುತ್ತದೆ. ನನಗಂತೂ ಇದು ತುಂಬ ಇಷ್ಟದ ಕೆಲಸ.

ನಾವು ಹಾಕಿಕೊಂಡ ದಾರಿ ಇದು. ಆಕ್ಸನ್‌ಹೋಮ್‌ನಲ್ಲಿ ರೈಲು ಬದಲಿಸಿ ವಿಂಡರ್‌ಮೀರ್‌ನಲ್ಲಿ ಇಳಿಯುವುದು. ಅಲ್ಲಿಂದ ಕರ್ಕ್‌ಸ್ಟೋನ್ ಹತ್ತಿ, ಅಲ್ಸ್‌ವಾಟರ್ ಸರೋವರದ ಕಡೆ ಇಳಿದು, ಕೆಸಿಕ್ ಊರು ಸೇರುವುದು. ಮಾರನೇ ದಿನ ಬಾರೋಡೇಲ್ ಕಣಿವೆಯ ಮೂಲಕ ಹಾನಿಸ್ಟರ್ ದಾಟಿ ಬಟರ್‌ಮೀರ್. ಅದಾದ ಮೇಲೆ ಲೋಸ್‌ವಾಟರ್, ಎನರ್‌ಡೇಲ್ ಬ್ರಿಜ್, ಕೋಲ್ಡ್ ಫೆಲ್ ಅನ್ನುವ ಬೋಳು ಬೆಟ್ಟದ ರಸ್ತೆ, ಗಾಸ್ಫರ್ತ್, ಕೊನೆಗೆ ಎಸ್ಕ್‌ಡೇಲ್. ಅಲ್ಲಿಂದ ಹಾರ್ಡ್‌ನಾಟ್ ಮತ್ತು ರೈನೋಸ್ ಒಂದರ ಹಿಂದೆ ಒಂದು ದಾಟಿ, ಲಿಟಲ್ ಲ್ಯಾಂಗ್‌ಡೇಲ್ ಮೂಲಕ ಮತ್ತೆ ವಿಂಡರ್‌ಮೀರ್.

ಇದನ್ನು ಕಳಿಸಿದಾಗ ಗೆಳೆಯ ಫೋನ್ ಮಾಡಿದ. "ದಿನಕ್ಕೆ ಬರೀ ಐವತ್ತು ಕಿಲೋಮೀಟರಾ? ಕೊನೆ ದಿನ ಮೂವತ್ತೇ ಇದೆಯಲ್ಲೋ. ಏನಿದು, ಪಿಕ್‌ನಿಕ್ಕಾ?"

"ಆ ಮೂವತ್ತರಲ್ಲೇ ಕಣೋ ಹಾರ್ಡ್‌ನಾಟ್ ಇರೋದು," ಅಂದೆ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಆ ಲೆಕ್ಕವನ್ನು ಇಲ್ಲೂ ಬರೆಯುತ್ತೇನೆ, ಯಾಕೆಂದರೆ ಅದು ಯಾವ ಬೆಟ್ಟಕ್ಕೂ ಅನ್ವಯಿಸುತ್ತದೆ. ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 100 ಕಿಲೋ ಅಂತ ಇಟ್ಟುಕೊಳ್ಳಿ. ಮಾಮೂಲಿ ಅಭ್ಯಾಸ ಇರುವ ಸವಾರ ಗಂಟೆಗಟ್ಟಲೆ ತುಳಿಯುವಾಗ 130 ವಾಟ್ ಆಸುಪಾಸಿನ ಶಕ್ತಿ ಕೊಡಬಲ್ಲ. ನೂರಕ್ಕೆ ಆರರ ಏರಿನಲ್ಲಿ ಅಷ್ಟು ಶಕ್ತಿಗೆ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗ ಸಿಗುತ್ತದೆ. ಅದು ಸುಖದ ಏರು, ಮಾತಾಡುತ್ತಾ ಹತ್ತಬಹುದು. ಈಗ ನೂರಕ್ಕೆ 25ರ ಏರಿಗೆ ಬನ್ನಿ. ಅಲ್ಲಿ ಗಂಟೆಗೆ ಐದು ಕಿಲೋಮೀಟರ್, ಅಂದರೆ ನಡಿಗೆಯ ವೇಗದಲ್ಲಿ ಹೋಗಬೇಕಾದರೂ ಸುಮಾರು 330 ವಾಟ್ ಬೇಕು. ಎರಡೂವರೆ ಪಟ್ಟು!

ನಿಧಾನ ಹೋದರೆ ಆಯಿತಲ್ಲ? ಹೋಗಬಹುದು, ಗೇರು ಅವಕಾಶ ಕೊಟ್ಟರೆ. ಚೈನು ಓಡುವ ಹಲ್ಲುಚಕ್ರಗಳಲ್ಲಿ ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇರುವ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ 2.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 50 ಸುತ್ತು ತುಳಿದರೆ, ಆ ಏರಿಗೆ 400 ವಾಟ್‌ಗೂ ಜಾಸ್ತಿ ಬೇಕು. ಮುಂದೆ 22, ಹಿಂದೆ 36 ಹಲ್ಲು ಹಾಕಿಸಿದರೆ ಒಂದು ಸುತ್ತಿಗೆ 1.3 ಮೀಟರ್ ಮಾತ್ರ. ಅದೇ 50 ಸುತ್ತಿಗೆ 255 ವಾಟ್ ಸಾಕು. ಅದೂ ಸುಲಭವಲ್ಲ, ಆದರೆ ಕೆಲವು ನಿಮಿಷಗಳ ಮಟ್ಟಿಗೆ ಆಗುವ ಮಾತು. ಹಾಗಾಗಿ ಸಾಮಾನು ಹೊತ್ತು ಇಂಥ ನಾಡಿಗೆ ಹೋಗುವವರು ಮೊದಲು ಖರ್ಚು ಮಾಡಬೇಕಾದದ್ದು ಚಿಕ್ಕ ಗೇರಿನ ಮೇಲೆ. ಹಗುರ ಫ್ರೇಮ್, ಚಂದದ ಬ್ಯಾಗು ಎಲ್ಲ ಆಮೇಲೆ. ಒಂದು ಕಿಲೋ ಸಾಮಾನು ಇಳಿಸಿದರೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ಉಳಿಯುತ್ತದೆ. ಸರಿಯಾದ ಗೇರು ಇದ್ದರೆ ನೂರಕ್ಕೆ ನಲವತ್ತು.

ಚಿಕ್ಕ ಗೇರು ಅಂದರೆ ಕೆಲವರಿಗೆ ಇಂದಿಗೂ ಮುಜುಗರ. ಇದು ಹಳೆಯ ರೋಗ. ಫ್ರಾನ್ಸಿನ ಪಾಲ್ ದ ವಿವಿ, ಸೈಕಲ್ ಲೋಕಕ್ಕೆ ವೆಲೋಸಿಯೋ ಅಂತಲೇ ಪರಿಚಿತ, 1853ರಿಂದ 1930ರವರೆಗೆ ಬಾಳಿದ. ಬೆಟ್ಟದ ಪ್ರವಾಸಕ್ಕೆ ಗೇರು ಬದಲಿಸುವ ಸೈಕಲ್ಲೇ ಸರಿ ಅಂತ ಆತ ದಶಕಗಳ ಕಾಲ ವಾದಿಸಿದ. ಗೇರು ಬೇಕಿರುವುದು ಶಕ್ತಿ ಇಲ್ಲದವರಿಗೆ ಅಂತ ಎದುರಿನವರು ಹೇಳುತ್ತಿದ್ದರು. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರ್ ಗೇರಿಗೆ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರಿಗೆ, ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ, ಆತ ತೀರಿಹೋದ ಮೇಲೆ. ಹಸಿವಾಗುವ ಮೊದಲು ತಿನ್ನಬೇಕು, ಬಾಯಾರುವ ಮೊದಲು ಕುಡಿಯಬೇಕು, ಜಂಬಕ್ಕಾಗಿ ಪೆಡಲ್ ತುಳಿಯಬಾರದು ಅನ್ನುವ ಅವನ ಬುದ್ಧಿಮಾತುಗಳನ್ನು ನಾನು ಮನಸಾರೆ ನಂಬುತ್ತೇನೆ.

ಆದರೆ ನೂರಕ್ಕೆ 33ರ ಏರು ಬಂದಾಗ ಯಾವ ಗೇರೂ ಸಾಲದೇ ಹೋಗಬಹುದು. ಹಿಂದಿನ ಕ್ಯಾರಿಯರ್ ಮೇಲೆಯೇ ಭಾರ ಇದ್ದರೆ ಮುಂದಿನ ಚಕ್ರ ನೆಲ ಬಿಟ್ಟು ಎದ್ದೇಳುತ್ತದೆ. ಹಾಗಾಗಿ ಸಾಮಾನಿನಲ್ಲಿ ಒಂದಿಷ್ಟನ್ನು ಮುಂದಿನ ಚೀಲಗಳಿಗೆ ಹಂಚಬೇಕು. ಅಷ್ಟಾದರೂ ಇಳಿದು ತಳ್ಳಬೇಕಾಗಿ ಬರಬಹುದು. ನಾವು ಇದನ್ನು ಯೋಜನೆಯಲ್ಲೇ ಬರೆದಿದ್ದೇವೆ. ಹಾರ್ಡ್‌ನಾಟ್‌ನ ಕೆಳಗಿನ ತಿರುವುಗಳು ಮತ್ತು ತುದಿಗೆ ಹತ್ತಿರದ ತಿರುವುಗಳು, ಈ ಎರಡು ಕಡೆ ನಡೆಯುವುದು ಅಂತ. ಬರೆದಿಟ್ಟರೆ ಏನು ಲಾಭ? ಅಲ್ಲಿ ನಿಂತಾಗ ಮರ್ಯಾದೆಯ ಪ್ರಶ್ನೆ ಏಳುವುದಿಲ್ಲ. ಮಂಡಿ ನೋಯುವವರೆಗೆ ಹಟ ಹಿಡಿಯುವುದಿಲ್ಲ. ಉಸಿರು ಸಿಕ್ಕದೆ, ವೇಗ ಸತ್ತು, ಪೆಡಲಿನಿಂದ ಕಾಲು ತೆಗೆಯಲಾಗದೆ ಪಕ್ಕಕ್ಕೆ ಬೀಳುವ ಅಪಾಯವೂ ತಪ್ಪುತ್ತದೆ. ಮೈಯಲ್ಲಿ ಬಲ ಉಳಿದಿದ್ದರೆ ತುಳಿಯೋಣ, ಯಾರೂ ಬೇಡ ಅನ್ನುವುದಿಲ್ಲ.

ಇದನ್ನು ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ. ಫ್ರೆಡ್ ವಿಟನ್ ಎಂಬ ಸ್ಥಳೀಯ ಸೈಕಲ್ ಪ್ರೇಮಿಯ ನೆನಪಿಗಾಗಿ 1999ರಲ್ಲಿ ಶುರುವಾದ ಸವಾರಿಯಲ್ಲಿ ಈ ಆರೂ ಘಾಟಿಗಳು ಬರುತ್ತವೆ. ಸುಮಾರು 180 ಕಿಲೋಮೀಟರ್ ಉದ್ದ, ಹಾರ್ಡ್‌ನಾಟ್ ಎದುರಾಗುವುದು 160 ಕಿಲೋಮೀಟರ್ ತುಳಿದಾದ ಮೇಲೆ. ಅವರ ಬಗ್ಗೆ ನನಗೆ ತುಂಬು ಗೌರವವಿದೆ. ನಮ್ಮ ಆಸೆ ಬೇರೆ. ನಮಗೆ ಆ ಘಾಟಿಯ ಪಶ್ಚಿಮದ ಇಳಿಜಾರಿನಲ್ಲಿರುವ ರೋಮನ್ ಕೋಟೆಯಲ್ಲಿ ಕೂರಬೇಕು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಎರಡನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿದ್ದು. ಕಡಲತೀರದ ರೇವನ್‌ಗ್ಲಾಸ್‌ನಿಂದ ಆಂಬಲ್‌ಸೈಡ್‌ಗೆ ಹೋಗುವ ರೋಮನ್ನರ ದಾರಿಯನ್ನು ಕಾಯುತ್ತಿತ್ತು. ಸಾವಿರದ ಒಂಬೈನೂರು ವರ್ಷಗಳ ಹಿಂದೆ ಸೈನಿಕರು ಹೊರೆ ಹೊತ್ತು ಹತ್ತಿದ ಬೆಟ್ಟವನ್ನು ನಾವೂ ಹೊರೆ ಹೊತ್ತು ಹತ್ತುತ್ತೇವೆ ಅನ್ನುವುದು ನನಗೆ ರೋಮಾಂಚನ ತರುತ್ತದೆ. ಇಂಥ ಕಡೆ ಕಳೆಯಲು ಒಂದು ಗಂಟೆ ಬೇಕು ಅಂದರೆ ಆ ಗಂಟೆಯನ್ನೂ ಯೋಜನೆಯಲ್ಲಿ ಮೊದಲೇ ಇಡಬೇಕು. ಕೊನೆಗೆ ಸಮಯ ಉಳಿದರೆ ನೋಡೋಣ ಅಂದರೆ ಅದು ಉಳಿಯುವುದೇ ಇಲ್ಲ.

ಸಮಯದ ಲೆಕ್ಕಕ್ಕೆ ಒಂದು ಸುಲಭದ ದಾರಿ ಇದೆ. ಅದೇ 100 ಕಿಲೋ, ಅದೇ 130 ವಾಟ್. ಆಗ 1000 ಮೀಟರ್ ಎತ್ತರ ಏರಲು ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು, ದೂರ ಎಷ್ಟೇ ಇರಲಿ. ದಿನದ ಏರಿಕೆಯನ್ನು ಹೀಗೆ ಗಂಟೆಗೆ ಬದಲಿಸಿ, ಉಳಿದ ದೂರದ ಸಮಯ ಸೇರಿಸಿ, ಅದಕ್ಕೆ ಮೂರನೇ ಒಂದು ಭಾಗ ನಿಲ್ಲುವುದಕ್ಕೆ ಅಂತ ಕೂಡಿಸುತ್ತೇನೆ. ಊಟದ ಲೆಕ್ಕವೂ ಇದರಿಂದಲೇ ಬರುತ್ತದೆ. ಅಷ್ಟು ಏರಿಕೆಗೆ ಮೈ ಸುಡುವುದು ಸರಿಸುಮಾರು ಸಾವಿರ ಕಿಲೋ ಕ್ಯಾಲರಿ. ಎಸ್ಕ್‌ಡೇಲ್‌ನ ಹಳ್ಳಿ ದಾಟಿದ ಮೇಲೆ ಲಿಟಲ್ ಲ್ಯಾಂಗ್‌ಡೇಲ್ ಬರುವವರೆಗೆ ಅಂಗಡಿ ಇಲ್ಲ. ತಿನ್ನುವುದನ್ನು ಹಿಂದಿನ ಸಂಜೆಯೇ ಕೊಂಡು ಚೀಲದ ಮೇಲುಗಡೆ ಇಡಬೇಕು.

ಏರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ನಿಜವಾದ ಭಯ ಇರುವುದು ಇಳಿಜಾರಿನ ಬಗ್ಗೆ. 100 ಕಿಲೋ ತೂಕ 300 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ನೀರನ್ನು 70 ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ನೇರವಾದ, ಅಗಲವಾದ ರಸ್ತೆಯಲ್ಲಿ ಅದರ ಬಹುಪಾಲನ್ನು ಗಾಳಿ ನುಂಗುತ್ತದೆ. ಹಾರ್ಡ್‌ನಾಟ್‌ನಂಥ ಕಡೆ ವೇಗ ಬಿಡುವ ಹಾಗೇ ಇಲ್ಲ. ಒಂದು ಕಾರಿನಷ್ಟೇ ಅಗಲದ ರಸ್ತೆ, ಕುರುಡು ತಿರುವುಗಳು, ಬೇಲಿ ಇಲ್ಲದೆ ರಸ್ತೆಯಲ್ಲೇ ಮಲಗುವ ಹರ್ಡ್‌ವಿಕ್ ಕುರಿಗಳು, ಅಡ್ಡ ಹಾಕಿದ ಕಬ್ಬಿಣದ ಕಂಬಿಗಳ ಕ್ಯಾಟಲ್ ಗ್ರಿಡ್. ಶಕ್ತಿಯೆಲ್ಲ ಬ್ರೇಕಿಗೇ ಹೋಗುತ್ತದೆ. ರಿಮ್ ಬ್ರೇಕ್ ಇದ್ದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಡಿಸ್ಕ್ ಇದ್ದರೂ ಹಿಡಿದೇ ಇಟ್ಟರೆ ಹಿಡಿತ ಕಡಿಮೆಯಾಗುತ್ತದೆ. ಹೊರಡುವ ಮೊದಲು ಹೊಸ ಪ್ಯಾಡ್ ಹಾಕಿಸಿ, ಒಂದೆರಡು ದಿನ ತುಳಿದು ಪಳಗಿಸಿ, ಇನ್ನೊಂದು ಜೊತೆಯನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕು. ಇಳಿಯುವಾಗ ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಹೋಗಬೇಕು. ನಡುವೆ ನಿಂತು ಬ್ರೇಕಿಗೂ ಬೆರಳಿಗೂ ತಣಿಯಲು ಸಮಯ ಕೊಡಬೇಕು. ಒದ್ದೆ ಕ್ಯಾಟಲ್ ಗ್ರಿಡ್ ಮೇಲೆ ಬ್ರೇಕ್ ಹಾಕಲೇಬಾರದು, ಹ್ಯಾಂಡಲ್ ತಿರುಗಿಸಲೇಬಾರದು. ಇಷ್ಟು ಕಡಿದಾದ ಕಡೆ ಇಳಿಯುವಾಗಲೂ ನಡೆಯಬಹುದು. ಮಳೆಯಲ್ಲಾದರೆ ನಡೆಯಲೇಬೇಕು ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ.

ಮಳೆ! ಹಾನಿಸ್ಟರ್ ಘಾಟಿಯ ಬುಡದ ಹತ್ತಿರವೇ ಸೀಥ್‌ವೇಟ್ ಅನ್ನುವ ಪುಟ್ಟ ಊರಿದೆ. ಜನ ವಾಸ ಇರುವ ಜಾಗಗಳಲ್ಲಿ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವುದು ಇಲ್ಲಿ, ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ. 2015ರ ಡಿಸೆಂಬರ್ 5ರಂದು ಹಾನಿಸ್ಟರ್‌ನಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಬಿದ್ದು ಬ್ರಿಟನ್ನಿನ ದಾಖಲೆಯಾಯಿತು. ಆ ಪ್ರವಾಹದಲ್ಲಿ ಸೇತುವೆಗಳು ಕೊಚ್ಚಿಹೋದವು, ಗ್ರಾಸ್‌ಮೀರ್ ಮತ್ತು ಕೆಸಿಕ್ ನಡುವಿನ ಮುಖ್ಯ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಅಟ್ಲಾಂಟಿಕ್‌ನಿಂದ ಬರುವ ತೇವದ ಗಾಳಿ ಎಡವುವುದು ಈ ಬೆಟ್ಟಗಳಿಗೇ. ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಸ್ವಲ್ಪ ಕಡಿಮೆ. ಜೂನಿನಲ್ಲಿ ಹಗಲು ಹದಿನೇಳು ಗಂಟೆಯಷ್ಟು ಉದ್ದ. ಶಾಲೆಗಳ ರಜೆ ಶುರುವಾಗಿ ರಸ್ತೆ ತುಂಬ ಕ್ಯಾರವಾನ್ ತುಂಬುವುದು ಜುಲೈ ಕೊನೆಗೆ. ಹಾಗಾಗಿ ಜೂನ್ ಮೊದಲ ವಾರಗಳನ್ನು ಆರಿಸಿದ್ದೇವೆ. ಆದರೂ ಒದ್ದೆಯಾಗುವುದು ಖಚಿತ ಅಂದುಕೊಂಡೇ ಹೊರಡಬೇಕು. ಬೆವರುತ್ತಾ ಹತ್ತಿ, ತುದಿಯಲ್ಲಿ ಗಾಳಿಗೆ ನಿಂತು, ಒದ್ದೆ ಬಟ್ಟೆಯಲ್ಲಿ ಇಳಿದರೆ ಬೆರಳು ಮರಗಟ್ಟುತ್ತದೆ. ಬ್ರೇಕ್ ಹಿಡಿಯುವುದು ಆ ಬೆರಳೇ ಅಲ್ವಾ? ಪೂರ್ತಿ ಬೆರಳು ಮುಚ್ಚುವ ಕೈಗವಸು ಮತ್ತು ಒಣಗಿದ ಒಂದು ಉಣ್ಣೆ ಬನಿಯನ್, ಇವೆರಡನ್ನು ತೂಕದ ನೆಪದಲ್ಲಿ ಬಿಡುವ ಹಾಗಿಲ್ಲ.

ಗಾಳಿಯೂ ದಾರಿಯ ದಿಕ್ಕನ್ನು ತೀರ್ಮಾನಿಸಿತು. ಇಲ್ಲಿ ಸಾಮಾನ್ಯವಾಗಿ ಗಾಳಿ ನೈಋತ್ಯದಿಂದ ಬೀಸುತ್ತದೆ. ನಾವು ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ. ಉತ್ತರಕ್ಕೆ ಹೋಗುವ ಕರ್ಕ್‌ಸ್ಟೋನ್ ದಾರಿಯಲ್ಲಿ ಗಾಳಿ ಬೆನ್ನಿಗಿರುತ್ತದೆ. ಪೂರ್ವಕ್ಕೆ ಹೋಗುವ ಹಾರ್ಡ್‌ನಾಟ್ ದಿನವೂ ಬೆನ್ನಿಗೇ. ಎದುರುಗಾಳಿ ಸಿಗುವುದು ಕೋಲ್ಡ್ ಫೆಲ್ ಮೇಲೆ, ದಕ್ಷಿಣಕ್ಕೆ ಇಳಿಯುವಾಗ. ಅಲ್ಲಿ ಮರ ಇಲ್ಲ, ಮರೆ ಇಲ್ಲ, ಒಂದು ಕಡೆ ಸಮುದ್ರ ಕಾಣುತ್ತದೆ. ಆ ದಿನ ಬೆಳಿಗ್ಗೆ ಬೇಗ ಹೊರಡಬೇಕು ಅಂತ ಬರೆದುಕೊಂಡಿದ್ದೇನೆ. ಸರೋವರದ ದಡದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಕಿರಿದಾದ ಕಣಿವೆ ಗಾಳಿಯನ್ನು ತನ್ನ ಉದ್ದಕ್ಕೇ ತಿರುಗಿಸಿಕೊಳ್ಳುತ್ತದೆ, ಒಂದೋ ಪೂರ್ತಿ ಎದುರು, ಇಲ್ಲ ಪೂರ್ತಿ ಬೆನ್ನಿಗೆ.

ಇನ್ನು ಹೊರಬರುವ ದಾರಿಗಳು. ಪ್ರತಿ ದಿನಕ್ಕೂ ಒಂದನ್ನು ಗುರುತು ಮಾಡಿದ್ದೇವೆ. ಹಾನಿಸ್ಟರ್ ದಾಟಿ ಬಟರ್‌ಮೀರ್‌ಗೆ ಇಳಿದ ಮೇಲೆ ಮೈ ಸೋತರೆ ನ್ಯೂಲ್ಯಾಂಡ್ಸ್ ಹತ್ತಿ ಕೆಸಿಕ್‌ಗೆ ಮರಳುವ ಆಸೆ ಬಿಟ್ಟು, ಕ್ರಮಕ್ ವಾಟರ್ ಸರೋವರದ ಪಕ್ಕದ ತಗ್ಗಿನ ರಸ್ತೆಯಲ್ಲಿ ಕಾಕರ್‌ಮತ್ ಊರಿನ ಕಡೆ ಹೋಗಬಹುದು. ಎಸ್ಕ್‌ಡೇಲ್‌ನಲ್ಲಿ ಕೈಚೆಲ್ಲಬೇಕಾಗಿ ಬಂದರೆ ಪಶ್ಚಿಮಕ್ಕೆ ರೇವನ್‌ಗ್ಲಾಸ್‌ವರೆಗೆ ಇಳಿದರೆ ಕರಾವಳಿಯ ರೈಲು ಸಿಗುತ್ತದೆ. ಇವನ್ನು ಬರೆದಿಟ್ಟ ಮೇಲೆ ಯೋಜನೆಯ ಬಗ್ಗೆ ನನ್ನ ಧೈರ್ಯ ಹೆಚ್ಚಿದೆ. ಗೆಳೆಯನಿಗೆ ಮೊದಮೊದಲು ಇದು ಸೋಲಿನ ಮಾತಾಗಿ ಕೇಳಿಸಿತ್ತು. ಈಗ ಅವನೇ ರೈಲಿನ ಸಮಯ ಹುಡುಕಿ ಕಳಿಸುತ್ತಿದ್ದಾನೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರ ನಡುವೆ ಎಳೆದಾಟ ನಡೆಯಿತು. ನನಗೆ ವಾಸ್ಟ್‌ವಾಟರ್ ನೋಡಲೇಬೇಕು. ಒಂದು ದಡದಲ್ಲಿ ಬೆಟ್ಟದ ಕಲ್ಲುಚೂರುಗಳ ಇಳಿಜಾರು ನೇರ ನೀರಿಗೇ ಜಾರಿಕೊಂಡಿದೆ. ಆದರೆ ಆ ರಸ್ತೆ ಕಣಿವೆಯ ತುದಿಯಲ್ಲಿ ಮುಗಿದುಹೋಗುತ್ತದೆ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಹಾರ್ಡ್‌ನಾಟ್ ಮುಂಚಿನ ದಿನ ಕಾಲು ದಣಿಸುವುದು ಬೇಡ ಅಂತ ಅವನ ವಾದ. ಅವನ ಮಾತಲ್ಲೂ ಹುರುಳಿದೆ. ಕೊನೆಗೆ ಎಸ್ಕ್‌ಡೇಲ್‌ನಲ್ಲಿ ಎರಡು ರಾತ್ರಿಗೆ ಜಾಗ ಹಿಡಿಯುವುದು ಅಂತಾಯಿತು. ಮೊದಲ ಬೆಳಿಗ್ಗೆ ರಸ್ತೆ ಒಣಗಿದ್ದರೆ ಸಾಮಾನನ್ನು ಅಲ್ಲೇ ಬಿಟ್ಟು ಹಾರ್ಡ್‌ನಾಟ್ ಹತ್ತಿ, ಕೋಟೆ ನೋಡಿ, ಅದೇ ದಾರಿಯಲ್ಲಿ ಇಳಿದು ಬರುತ್ತೇವೆ. ಮಾರನೇ ದಿನ ಭಾರ ಹೊತ್ತು ಮತ್ತೆ ಹತ್ತುವಾಗ ಪ್ರತಿ ತಿರುವೂ ಗೊತ್ತಿರುತ್ತದೆ. ಮೊದಲ ಬೆಳಿಗ್ಗೆ ಮಳೆ ಇದ್ದರೆ ಘಾಟಿಯ ಸುದ್ದಿಗೇ ಹೋಗದೆ ವಾಸ್ಟ್‌ವಾಟರ್ ಕಡೆ ಹೊರಡುತ್ತೇವೆ. ಎರಡು ದಿನವೂ ಮಳೆ ಹೊಡೆದರೆ ರೇವನ್‌ಗ್ಲಾಸ್ ರೈಲು. ಉಳಿದಿರುವುದು ದೂರದ ರೈಲಿನಲ್ಲಿ ಸೈಕಲ್ಲುಗಳಿಗೆ ಜಾಗ ಕಾದಿರಿಸುವ ಕೆಲಸ. ಒಂದು ರೈಲಿನಲ್ಲಿ ಸೈಕಲ್ಲಿಗೆ ಇರುವ ಜಾಗ ಬೆರಳೆಣಿಕೆಯಷ್ಟು, ಹಾಗಾಗಿ ಅದನ್ನು ಮೊದಲು ಮಾಡಿ, ಆಮೇಲೆ ರೂಮುಗಳನ್ನು ನೋಡುತ್ತೇವೆ.